ಹಳೆಯ ಜಿನ್ನಿಂಗ್ ಫ್ಯಾಕ್ಟರಿ ಪುಸ್ತಕಗಳ ಭಾರ ಹೊರಬಲ್ಲದೆ?

ಪ್ರಶ್ನೆ: ದಾವಣಗೆರೆಯ ಹಳೆಯ ಭಾಗದಲ್ಲಿ ನಮ್ಮ ಪರಿಚಯದ ಕುಟುಂಬವೊಂದಕ್ಕೆ ಸೇರಿದ, ಹತ್ತಿಯಿಂದ ಕಾಳು ಬೇರ್ಪಡಿಸುತ್ತಿದ್ದ ಜಿನ್ನಿಂಗ್ ಫ್ಯಾಕ್ಟರಿ ಇದೆ. 1940ರ ದಶಕದ ಕಟ್ಟಡ. ಬೀಗ ಬಿದ್ದು ಇಪ್ಪತ್ತು ವರ್ಷಗಳ ಮೇಲಾಯಿತು. ಕಲ್ಲು ಮತ್ತು ಇಟ್ಟಿಗೆಯ ದಪ್ಪ ಗೋಡೆಗಳ ಒಂದು ದೊಡ್ಡ ಶೆಡ್ಡು, ಅದಕ್ಕೆ ಅಂಟಿಕೊಂಡು ಎರಡು ಅಂತಸ್ತಿನ ಗೋದಾಮು. ಶೆಡ್ಡಿನ ಅರ್ಧಕ್ಕೆ ಮಂಗಳೂರು ಹೆಂಚು, ಉತ್ತರಕ್ಕೆ ಗಾಜಿರುವ ಗರಗಸದ ಹಲ್ಲಿನಂಥ ಇನ್ನರ್ಧಕ್ಕೆ ಆಮೇಲೆ ಹಾಕಿಸಿದ ಸಿಮೆಂಟ್ ಶೀಟು. ಇದನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಬಿಟ್ಟುಕೊಡಲು ವಾರಸುದಾರರು ಒಪ್ಪಿದ್ದಾರೆ. ನಾವು ಏಳೆಂಟು ಮಂದಿ ನಿವೃತ್ತರು ಸಮಿತಿ ಮಾಡಿಕೊಂಡು ಓಡಾಡುತ್ತಿದ್ದೇವೆ. ಒಬ್ಬ ಗುತ್ತಿಗೆದಾರರು ‘ಗೋಡೆ ಬಿರುಕು ಬಿಟ್ಟಿದೆ, ಕೆಡವಿ ಹೊಸದು ಕಟ್ಟಿ’ ಎನ್ನುತ್ತಾರೆ. ಅಲ್ಲೇ ದುಡಿದ ಹಿರಿಯರು ‘ಟನ್ನುಗಟ್ಟಲೆ ಹತ್ತಿ ಹೊತ್ತ ಕಟ್ಟಡಕ್ಕೆ ಪುಸ್ತಕ ಯಾವ ಲೆಕ್ಕ, ಸುಣ್ಣಬಣ್ಣ ಮಾಡಿ ಕಪಾಟು ಇಡಿ’ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಮಕ್ಕಳು ಬಂದು ಕೂರುವ ಜಾಗ, ನಾಳೆ ಏನಾದರೂ ಆದರೆ ಎಂಬ ಭಯವೂ ಇದೆ.
– ನಿವೃತ್ತ ಉಪನ್ಯಾಸಕರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನಿಜವಾಗಿ ಎರಡು ಪ್ರಶ್ನೆಗಳಿವೆ. ಈ ಕಟ್ಟಡ ಗಟ್ಟಿಯಾಗಿದೆಯೇ ಎಂಬುದು ಒಂದು, ಗ್ರಂಥಾಲಯದ ಭಾರವನ್ನು ಹೊರುವಷ್ಟು ಗಟ್ಟಿಯಾಗಿದೆಯೇ ಎಂಬುದು ಇನ್ನೊಂದು. ಗುತ್ತಿಗೆದಾರರು ಮೊದಲನೆಯದಕ್ಕೆ ಬಿರುಕು ನೋಡಿ ಉತ್ತರ ಹೇಳಿದ್ದಾರೆ, ಹಿರಿಯರು ಎರಡನೆಯದಕ್ಕೆ ನೆನಪಿನಿಂದ ಉತ್ತರ ಹೇಳಿದ್ದಾರೆ. ಅಳತೆ ಮಾಡಿ ಹೇಳಿದವರು ಇನ್ನೂ ಯಾರೂ ಇಲ್ಲ. ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಹೆಚ್ಚು ವರ್ಷ ಕಳೆದ ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ನಾನು ಹೇಳುವುದಿಷ್ಟೆ: ಕೆಡವುವ ನಿರ್ಧಾರವನ್ನೂ ಉಳಿಸುವ ನಿರ್ಧಾರವನ್ನೂ ಒಂದು ಮಳೆಗಾಲ ಮುಂದೂಡಿ, ಆ ಅವಧಿಯಲ್ಲಿ ಕಟ್ಟಡವನ್ನು ಓದಿ. ಉಳಿಸುವುದೆಂದಾದರೆ ಪುಸ್ತಕದ ಭಾರವನ್ನು ನೆಲವೇ ಹೊರುವಂತೆ, ಅಂದರೆ ಕೆಳ ಅಂತಸ್ತಿನಲ್ಲೇ, ಇಡುವ ನಕ್ಷೆಯಿಂದ ಕೆಲಸ ಶುರು ಮಾಡಿ. ಹೀಗೇಕೆ ಎಂಬುದನ್ನು ವಿವರಿಸುತ್ತೇನೆ.

ಮೊದಲು ಹತ್ತಿಯ ಮಾತು. ಹಿರಿಯರು ಹೇಳುವುದು ಸುಳ್ಳಲ್ಲ. ಬೇಲು ಎಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ; ಒಂದರ ತೂಕ 170 ಕೆ.ಜಿ., ಅಂಥವನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಆದರೆ ಎಲ್ಲಿ ಪೇರಿಸುತ್ತಿದ್ದರು ಎಂದು ಅವರನ್ನೇ ಕೇಳಿ ನೋಡಿ. ನಾನು ಒಳಹೊಕ್ಕು ನೋಡಿದ ಜಿನ್ನಿಂಗ್ ಫ್ಯಾಕ್ಟರಿಗಳಲ್ಲೆಲ್ಲ ಬೇಲುಗಳು ಇರುತ್ತಿದ್ದದ್ದು ನೆಲದ ಮೇಲೆ. ಮೇಲಂತಸ್ತಿನಲ್ಲಿ ಇರುತ್ತಿದ್ದದ್ದು ಬಿಡಿ ಹತ್ತಿ, ಖಾಲಿ ಗೋಣಿಚೀಲ, ಗುಮಾಸ್ತರ ಮೇಜು. ಬಿಡಿ ಹತ್ತಿ ಕೋಣೆ ತುಂಬ ಕಂಡರೂ ತೂಗುವುದು ಕಡಿಮೆ. ಪುಸ್ತಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಒಂದು ಮೀಟರ್ ಉದ್ದದ ಹಲಗೆಯಲ್ಲಿ ಒತ್ತಾಗಿ ಜೋಡಿಸಿದ ಪುಸ್ತಕಗಳು ಸರಾಸರಿ 30 ಕೆ.ಜಿ. ತೂಗುತ್ತವೆ. ಆರು ಹಲಗೆಗಳ, ಎರಡೂ ಬದಿಗೆ ಪುಸ್ತಕವಿರುವ ಕಪಾಟಿನ ಒಂದು ಮೀಟರ್ ಭಾಗವನ್ನು ಲೆಕ್ಕ ಹಾಕಿದರೆ 360 ಕೆ.ಜಿ. ಆಯಿತು, ಕಪಾಟಿನ ಸ್ವಂತ ತೂಕ ಸೇರಿ ನಾಲ್ಕು ಕ್ವಿಂಟಾಲಿಗೆ ಬಂತು. ಇದು ನಿಲ್ಲುವುದು ಅರ್ಧ ಚದರ ಮೀಟರ್ ಜಾಗದಲ್ಲಿ, ಹಗಲೂ ರಾತ್ರಿ, ವರ್ಷಗಟ್ಟಲೆ ಕದಲದೆ. ಹೀಗೆ ಸದಾ ಹೇರಿದ ಭಾರಕ್ಕೆ ಮರದ ತೊಲೆ ನಿಧಾನವಾಗಿ ಬಾಗುತ್ತ ಹೋಗುತ್ತದೆ.

ಕಟ್ಟಡಗಳು ಹೊರಬೇಕಾದ ಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಇದನ್ನು ಅಂಕಿಗಳಲ್ಲೇ ಹೇಳುತ್ತದೆ. ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದು ಲೆಕ್ಕ ಮಾಡಿದರೆ ಸಾಕು. ಪುಸ್ತಕಗಳನ್ನು ಬೇರೆ ಕಡೆ ಇಟ್ಟು ಬರೀ ಓದುವ ಕೋಣೆಯಾದರೆ ಸುಮಾರು 300 ಕೆ.ಜಿ., ಓದುವ ಕೋಣೆಯಲ್ಲೇ ಪುಸ್ತಕವೂ ಇದ್ದರೆ 400 ಕೆ.ಜಿ. ಕಪಾಟುಗಳ ಸಾಲೇ ಇರುವ ಸಂಗ್ರಹ ಕೋಣೆಗೆ 2.2 ಮೀಟರ್ ಎತ್ತರದವರೆಗೆ 600 ಕೆ.ಜಿ., ಅದಕ್ಕಿಂತ ಎತ್ತರವಾದರೆ ಪ್ರತಿ ಮೀಟರಿಗೆ ಮತ್ತೆ 200 ಕೆ.ಜಿ. ಅಂದರೆ ವಾಸದ ಮನೆಯ ಮೂರು ಪಟ್ಟು. ನಿಮ್ಮ ಗೋದಾಮಿನ ಮೇಲಂತಸ್ತು ಸಾಗುವಾನಿ ತೊಲೆಗಳ ಮೇಲೆ ಕಲ್ಲುಚಪ್ಪಡಿ ಹಾಸಿದ್ದಾಗಿದ್ದರೆ ಅದನ್ನು ಸಂಗ್ರಹ ಕೋಣೆ ಮಾಡುವ ಆಲೋಚನೆಯನ್ನೇ ಬಿಡಿ. ತೊಲೆಗಳು ಆರೋಗ್ಯವಾಗಿವೆಯೆಂದು ಪರೀಕ್ಷೆಯಲ್ಲಿ ಸಿದ್ಧವಾದ ಮೇಲೆ ಅಲ್ಲಿ ಮೇಜು ಕುರ್ಚಿ ಹಾಕಿ ಓದುವ ಕೋಣೆ ಮಾಡಬಹುದು. ಪುಸ್ತಕಗಳೆಲ್ಲ ದೊಡ್ಡ ಶೆಡ್ಡಿನ ನೆಲದ ಮೇಲಿರಲಿ. ಈ ಒಂದು ತೀರ್ಮಾನದಿಂದ ಲಕ್ಷಾಂತರ ರೂಪಾಯಿಯ ಬಲವರ್ಧನೆ ಕೆಲಸ ಉಳಿಯುವುದನ್ನು ನಾನು ಕಂಡಿದ್ದೇನೆ. ಹೊಸಬರು ನಕ್ಷೆ ಬರೆಯುವಾಗ ಮಾಡುವ ಸಾಮಾನ್ಯ ತಪ್ಪೆಂದರೆ, ದೊಡ್ಡ ಶೆಡ್ಡು ಚೆಂದವೆಂದು ಅಲ್ಲಿ ಸಭಾಂಗಣ ಮಾಡಿ ಪುಸ್ತಕಗಳನ್ನು ಮೇಲಂತಸ್ತಿಗೆ ಸಾಗಿಸುವುದು.

ಇನ್ನು ಗುತ್ತಿಗೆದಾರರ ಬಿರುಕು. ಬಿರುಕು ಒಂದು ಲಕ್ಷಣವೇ ಹೊರತು ರೋಗವಲ್ಲ. ದಾವಣಗೆರೆಯ ಸುತ್ತ ಎರೆ ಮಣ್ಣು ಹೇರಳ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿಬಿಡುತ್ತದೆ ಎಂಬುದು ಹತ್ತಿ ಬೆಳೆದ ಯಾವ ರೈತನಿಗೂ ಗೊತ್ತು. ಹತ್ತಿಗೆ ಒಳ್ಳೆಯದಾದ ಅದೇ ಮಣ್ಣು ಪಾಯಕ್ಕೆ ಕಷ್ಟ ಕೊಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿದ ಬಿರುಕು ಏಪ್ರಿಲ್‌ನಲ್ಲಿ ಅಗಲವಾಗಿ ಸೆಪ್ಟೆಂಬರಿನಲ್ಲಿ ಮುಚ್ಚಿಕೊಳ್ಳುವಂತಿದ್ದರೆ ಅದು ಮಣ್ಣಿನ ಉಸಿರಾಟ. ಸುಣ್ಣದ ಗಾರೆಯ ಗೋಡೆ ಎಂಬತ್ತು ವರ್ಷ ಅದನ್ನು ಸಹಿಸಿಕೊಂಡು ಬಂದಿದೆ. ಅದಕ್ಕೆ ಮದ್ದು ಸಾಮಾನ್ಯವಾಗಿ ಗೋಡೆಯಲ್ಲಿಲ್ಲ, ಸುತ್ತಲಿನ ನೀರಿನಲ್ಲಿದೆ: ಒಡೆದ ದೋಣಿ (ಚಾವಣಿಯ ಮಳೆನೀರು ಹರಿದುಹೋಗುವ ಕೊಳವೆ), ಗೋಡೆಯ ಬುಡದಲ್ಲೇ ನಿಲ್ಲುವ ಮಳೆನೀರು, ಸೋರುವ ಪೈಪು, ಬುಡಕ್ಕೆ ಹತ್ತಿರ ಬೆಳೆದು ಬೇಸಿಗೆಯಲ್ಲಿ ಮಣ್ಣಿನ ತೇವವನ್ನೆಲ್ಲ ಹೀರುವ ಮರ. ಇವನ್ನು ಸರಿಪಡಿಸಿ, ಗೋಡೆಯ ಸುತ್ತ ನಾಲ್ಕಡಿ ಅಗಲಕ್ಕೆ ಹೊರಗೆ ಇಳಿಜಾರಾದ ಕಲ್ಲುಹಾಸು ಹಾಕಿದರೆ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ.

ಆದರೆ ಎಲ್ಲ ಬಿರುಕೂ ಹೀಗೆ ನಿರುಪದ್ರವಿ ಅಲ್ಲ. ಮುಚ್ಚಿಕೊಳ್ಳದೆ ವರ್ಷದಿಂದ ವರ್ಷಕ್ಕೆ ಬೆಳೆಯುವ ಬಿರುಕು, ಟ್ರಸ್‌ಗಳು (ಚಾವಣಿಯನ್ನು ಹೊರುವ ತ್ರಿಕೋನ ಚೌಕಟ್ಟುಗಳು) ಗೋಡೆಯ ಮೇಲೆ ಕೂರುವ ಮಟ್ಟದಲ್ಲಿ ಅಡ್ಡಡ್ಡ ಓಡಿದ ಬಿರುಕು, ಜೊತೆಗೆ ಗೋಡೆ ಹೊರಕ್ಕೆ ವಾಲಿದ್ದು, ಇವು ಮೂರರಲ್ಲಿ ಒಂದು ಕಂಡರೂ ಕೂಡಲೇ ಆಸರೆ ಕೊಟ್ಟು ಎಂಜಿನಿಯರನ್ನು ಕರೆಸಬೇಕು, ಅದುವರೆಗೆ ಯಾರನ್ನೂ ಒಳಗೆ ಬಿಡಬಾರದು. ಯಾವುದು ಯಾವ ಬಗೆ ಎಂದು ತಿಳಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಬಿರುಕಿನ ಎರಡು ದಡಗಳಿಗೂ ತಾಗುವಂತೆ ತೆಳುವಾದ ಗಾಜಿನ ಪಟ್ಟಿಯನ್ನು ಗಟ್ಟಿ ಗಾರೆಯಲ್ಲಿ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಅದರ ಜೊತೆ ಬಿರುಕಿನ ಎರಡೂ ಕಡೆ ಒಂದೊಂದು ಹಿತ್ತಾಳೆ ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಸಮಿತಿಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವರೊಬ್ಬರು ಇದ್ದೇ ಇರುತ್ತಾರೆ. ಒಂದು ಬೇಸಿಗೆ, ಒಂದು ಮಳೆಗಾಲದ ಅಂತಹ ಅಂಕಿಗಳು ಕೈಯಲ್ಲಿದ್ದರೆ ನನ್ನಂಥವನ ಅರ್ಧ ಕೆಲಸ ಮುಗಿದ ಹಾಗೆ.

ಚಾವಣಿಯ ಟ್ರಸ್‌ಗಳಲ್ಲಿ ನಡುಭಾಗಕ್ಕಿಂತ ತುದಿಗಳೇ ಮೊದಲು ಹಾಳಾಗುತ್ತವೆ, ಏಕೆಂದರೆ ದೋಣಿ ಸೋರಿದ ನೀರು ಇಳಿಯುವುದು ಗೋಡೆಯೊಳಗೆ ಹುದುಗಿದ ಆ ತುದಿಗೇ. ಇದೇ ಜಿಲ್ಲೆಯ ಇನ್ನೊಂದು ಹಳೆಯ ಜಿನ್ನಿಂಗ್ ಶೆಡ್ಡಿನಲ್ಲಿ ಏಣಿ ಹತ್ತಿ ನೋಡಿದಾಗ ಕೆಳಗಿನಿಂದ ಉಕ್ಕಿನಂತೆ ಕಾಣುತ್ತಿದ್ದ ಸಾಗುವಾನಿಯ ತುದಿಗೆ ಸಾಧಾರಣ ಸ್ಕ್ರೂಡ್ರೈವರ್ ಹಿಡಿಯ ತನಕ ಇಳಿಯಿತು. ಒಳಗೆ ಕಾಫಿಪುಡಿಯಂಥ ಹುಡಿ ಇತ್ತು. ಅಲ್ಲಿಂದ ಎರಡಡಿ ಈಚೆಗೆ ಅದೇ ಮರಕ್ಕೆ ಮೊನೆಯೂ ಇಳಿಯಲಿಲ್ಲ. ಅಂಥ ಕಡೆ ಇಡೀ ಟ್ರಸ್ ಬದಲಿಸಬೇಕಾಗಿಲ್ಲ. ಕೆಟ್ಟ ತುದಿಯನ್ನಷ್ಟೇ ಕತ್ತರಿಸಿ, ಹೊಸ ಮರವನ್ನು ಬೆಸೆದು, ಎರಡೂ ಪಕ್ಕಕ್ಕೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟು ಬಿಗಿದರೆ ಸಾಕು. ಈ ಕೆಲಸಕ್ಕೆ ಒಳ್ಳೆಯ ಬಡಗಿ ಬೇಕು, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸದವರಿಗೆ ಇದನ್ನು ಒಪ್ಪಿಸಬೇಡಿ.

ಅದೇ ಏಣಿಯ ಮೇಲೆ ಇನ್ನೊಂದು ವಿಷಯ ಕಂಡಿತು. ಪ್ರತಿ ತೊಲೆಯ ಬೆನ್ನಿನ ಮೇಲೂ ಬೂದುಬಣ್ಣದ ಕಂಬಳಿಯಂತೆ ಅರಳೆಯ ಧೂಳು ಬೆರಳುದ್ದ ಕೂತಿತ್ತು. ಹಲವು ದಶಕಗಳ ಈ ಧೂಳಿಗೆ ವೆಲ್ಡಿಂಗಿನ ಒಂದು ಕಿಡಿ ಬಿದ್ದರೆ ಬೆಂಕಿ ಚಾವಣಿಯ ಈ ತುದಿಯಿಂದ ಆ ತುದಿಗೆ ನಿಮಿಷಗಳಲ್ಲಿ ಓಡುತ್ತದೆ. ಆದ್ದರಿಂದ ದುರಸ್ತಿಯ ಮೊದಲ ಕೆಲಸವೇ ಈ ಧೂಳನ್ನು ವ್ಯಾಕ್ಯೂಮ್ ಯಂತ್ರದಿಂದ ತೆಗೆಸುವುದಾಗಿರಲಿ. ಪೊರಕೆಯಿಂದ ಬಡಿದು ಬೀಳಿಸುವುದು ಬೇಡ, ಅದು ಕೆಲಸಗಾರರ ಶ್ವಾಸಕೋಶಕ್ಕೆ ಹೋಗುತ್ತದೆ. ನೆಲದಡಿಯಲ್ಲೂ ನೋಡಿ. ಯಂತ್ರಗಳನ್ನು ತಿರುಗಿಸುತ್ತಿದ್ದ ಉದ್ದನೆಯ ಶಾಫ್ಟು, ಬೆಲ್ಟುಗಳಿಗಾಗಿ ತೋಡಿದ ಕಾಲುವೆ ಸಾಮಾನ್ಯವಾಗಿ ಚಪ್ಪಡಿ ಮುಚ್ಚಿಕೊಂಡು ಹಾಗೇ ಇರುತ್ತದೆ. ಅದರೊಳಗಿನ ಕೊಳೆತ ಹತ್ತಿಕಾಳು ಗೆದ್ದಲಿಗೂ ಇಲಿಗೂ ಮನೆ. ಅದನ್ನು ಬರಿದು ಮಾಡಿ, ಕಟ್ಟಿದ ಕಟ್ಟಡಗಳಿಗೆಂದೇ ಇರುವ ಐಎಸ್ 6313ರ ಮೂರನೆಯ ಭಾಗದಂತೆ ಗೆದ್ದಲಿನ ಔಷಧ ಹಾಕಿಸಿ. ಆಮೇಲೆ ಆ ಕಾಲುವೆಯನ್ನು ಮುಚ್ಚದೆ ಹೊಸ ವಿದ್ಯುತ್ ತಂತಿಗಳಿಗೆ ದಾರಿಯಾಗಿ ಬಳಸಿಕೊಳ್ಳಬಹುದು, ಗೋಡೆ ಕೊರೆಯುವುದು ತಪ್ಪುತ್ತದೆ.

‘ಸುಣ್ಣಬಣ್ಣ ಮಾಡಿ’ ಎಂಬ ಹಿರಿಯರ ಮಾತಿನಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಸತ್ಯವಿದೆ: ಸುಣ್ಣವೇ ಸರಿ. ಸುಣ್ಣದ ಗಾರೆಯ ಗೋಡೆ ನೆಲದಿಂದ ಏರಿದ ತೇವವನ್ನು ತನ್ನ ಮೈಯಿಂದ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಆ ತೇವಕ್ಕೆ ದಾರಿ ಸಿಗದೆ ಇನ್ನೂ ಮೇಲಕ್ಕೆ ಏರುತ್ತದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಬೇರೊಂದು ಊರಿನ ಹಳೆಯ ಗೋದಾಮನ್ನು ವಾಚನಾಲಯ ಮಾಡುವಾಗ, ಬೇಗ ಮುಗಿಯಲಿ ಎಂದು ಸಿಮೆಂಟ್ ಗಿಲಾವಿಗೆ ನಾನು ಒಪ್ಪಿಗೆ ಕೊಟ್ಟಿದ್ದೆ. ಮೂರನೆಯ ಮಳೆಗಾಲದಲ್ಲಿ ಗೋಡೆಗೆ ಒರಗಿಸಿದ್ದ ಕಪಾಟುಗಳ ಹಿಂದಿನ ಸಾಲಿನ ಪುಸ್ತಕಗಳಿಗೆಲ್ಲ ಬೂಷ್ಟು ಬಂತು, ಹಳೆಯ ಪತ್ರಿಕೆಗಳ ಕೆಲವು ಸಂಪುಟಗಳನ್ನು ಉಳಿಸಿಕೊಳ್ಳಲು ಆಗಲೇ ಇಲ್ಲ. ಅವು ಮತ್ತೆ ಸಿಗುವಂಥವಲ್ಲ. ಅಂದಿನಿಂದ ಹಳೆಯ ಗೋಡೆಗೆ ಸುಣ್ಣದ ಗಿಲಾವು, ಗೋಡೆಯಿಂದ ಕನಿಷ್ಠ ಅರ್ಧ ಅಡಿ ದೂರಕ್ಕೆ ಕಪಾಟು ಎಂಬುದರಲ್ಲಿ ನಾನು ರಾಜಿ ಮಾಡಿಕೊಂಡಿಲ್ಲ.

ಮಕ್ಕಳ ಮಾತು ಬಂದದ್ದರಿಂದ ಸಿಮೆಂಟ್ ಶೀಟಿನ ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಸಿಮೆಂಟ್ ಶೀಟು ಎಂದರೆ ಹೆಚ್ಚಿನ ಪಾಲು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಬೆರೆತ ಶೀಟು. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶೀಟಿನ ಕೆಳಗೆ ಕೂತ ಮಾತ್ರಕ್ಕೆ ರೋಗ ಬರುತ್ತದೆ ಎಂಬುದು ಅತಿಭಯ. ಬಣ್ಣ ಬಳಿದರೆ ಮುಗಿಯಿತು ಎಂಬುದು ಅತಿಧೈರ್ಯ. ಅಪಾಯ ಇರುವುದು ಅದರ ಎಳೆಗಳು ಗಾಳಿಗೆ ಬಂದಾಗ, ಅಂದರೆ ಶೀಟನ್ನು ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ, ಅಥವಾ ಬಿಸಿಲು ಮಳೆಗೆ ಅದರ ಮೈ ಸವೆದು ಪುಡಿಯಾದಾಗ. ರೋಗ ಕಾಣಿಸಿಕೊಳ್ಳುವುದು ದಶಕಗಳ ನಂತರವಾದ್ದರಿಂದ ಯಾರೂ ಅದನ್ನು ಈ ಕೆಲಸಕ್ಕೆ ತಳುಕು ಹಾಕುವುದಿಲ್ಲ, ಅದೇ ಅದರ ಕ್ರೌರ್ಯ. ದಿನವಿಡೀ ಜನ ಕೂರುವ ಕಟ್ಟಡವಾದ್ದರಿಂದ ತೆಗೆಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಶೀಟುಗಳನ್ನು ನೀರಿನಿಂದ ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯಕ್ಕೆ ಅನುಮತಿ ಪಡೆದ ಜಾಗಕ್ಕೇ ಕಳಿಸಬೇಕು. ಇದಕ್ಕಾಗಿ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯನ್ನು ಕೇಳಿ. ಕೆಲಸಗಾರರಿಗೆ ಬಟ್ಟೆಯ ಮಾಸ್ಕ್ ಸಾಲದು. ಸುತ್ತಿಗೆಯಿಂದ ಒಡೆದು ಲಾರಿಗೆ ತುಂಬುತ್ತೇವೆ ಎನ್ನುವವರಿಗೆ ಎಷ್ಟೇ ಕಡಿಮೆ ದರ ಹೇಳಿದರೂ ಕೆಲಸ ಕೊಡಬೇಡಿ.

ಬೆಳಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುವುದು ಮುಖ್ಯ. ಉತ್ತರಕ್ಕೆ ಗಾಜಿರುವ ಗರಗಸದ ಹಲ್ಲಿನ ಚಾವಣಿ ಇಂಗ್ಲೆಂಡಿನ ಗಿರಣಿಗಳಲ್ಲಿ ಬೆಳೆದ ಪದ್ಧತಿ. ಅಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ದಾವಣಗೆರೆ ಇರುವುದು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನಲ್ಲೂ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಸಂಜೆ ಇನ್ನೂ ಹೆಚ್ಚು ವಾಲಿರುತ್ತಾನೆ. ಹಾಗಾಗಿ ಅಷ್ಟು ತಿಂಗಳು ಆ ಗಾಜಿನಿಂದ ನೇರ ಬಿಸಿಲು ಬರಬಹುದು. ಯಂತ್ರಕ್ಕೆ ಅದರಿಂದ ತೊಂದರೆಯಿರಲಿಲ್ಲ, ಪುಸ್ತಕದ ಬೆನ್ನು ಮಾಸುತ್ತದೆ, ಕಾಗದ ಹಳದಿಯಾಗಿ ಮುರುಕಲಾಗುತ್ತದೆ. ಗಾಜಿಗೆ ಅತಿನೇರಳೆ ಕಿರಣ ತಡೆಯುವ ಫಿಲ್ಮ್, ಹೊರಗೆ ಅಡ್ಡಪಟ್ಟಿಗಳ ನೆರಳು, ಕಪಾಟಿನ ಸಾಲುಗಳನ್ನು ಗಾಜಿನ ನೇರಕ್ಕೆ ಬಾರದಂತೆ ಇಡುವುದು, ಇಷ್ಟರಿಂದ ಆ ಚೆಲುವಾದ ಬೆಳಕನ್ನು ಉಳಿಸಿಕೊಳ್ಳಬಹುದು. ಸೆಕೆಗೆ ಇಡೀ ಶೆಡ್ಡಿಗೆ ಎ.ಸಿ. ಹಾಕುವ ಯೋಚನೆ ಮಾಡಬೇಡಿ, ವಿದ್ಯುತ್ ಬಿಲ್ಲೇ ಗ್ರಂಥಾಲಯವನ್ನು ಮುಚ್ಚಿಸುತ್ತದೆ. ನೆದರ್ಲೆಂಡ್ಸ್‌ನ ಟಿಲ್ಬರ್ಗ್ ಎಂಬ ಊರಿನಲ್ಲಿ 1932ರ ರೈಲು ಎಂಜಿನ್ ಶೆಡ್ಡೊಂದನ್ನು ಗ್ರಂಥಾಲಯವಾಗಿ ಮಾಡಿ 2019ರಲ್ಲಿ ತೆರೆದರು; ಅಲ್ಲಿ ಕೂಡ ಇಡೀ ಎತ್ತರದ ಶೆಡ್ಡನ್ನು ಬೆಚ್ಚಗಿಡುವ ಬದಲು ಜನ ಕೂರುವ ಜಾಗಗಳತ್ತಲೇ ಗಮನ ಕೊಟ್ಟಿದ್ದಾರೆ. ನಮ್ಮಲ್ಲಿ ಹೆಂಚಿನ ಕೆಳಗೆ ಶಾಖ ತಡೆಯುವ ಒಳಮಾಡು, ಮೇಲೆ ಬಿಸಿಗಾಳಿ ಹೋಗುವ ಕಿಂಡಿ, ಮೇಜುಗಳ ಮೇಲೆ ಫ್ಯಾನು, ಅಪರೂಪದ ಹಳೆಯ ಪುಸ್ತಕಗಳಿಗೆ ಮಾತ್ರ ಒಂದು ಚಿಕ್ಕ ಮುಚ್ಚಿದ ಕೋಣೆ, ಇಷ್ಟು ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು. ಕೆಡವಿ ಕಟ್ಟುವುದು ಸುಲಭವೆಂದು ತೋರುತ್ತದೆ, ಆದರೆ ಹೊಸ ಕಟ್ಟಡಕ್ಕೆ ಇಂದಿನ ನಿಯಮದಂತೆ ನಾಲ್ಕೂ ಕಡೆ ಜಾಗ ಬಿಡಬೇಕು. ಗಡಿಯವರೆಗೆ ಕಟ್ಟಿದ ಹಳೆಯ ಶೆಡ್ಡಿಗಿಂತ ಕೆಳ ಅಂತಸ್ತು ಚಿಕ್ಕದಾಗುವ ಸಾಧ್ಯತೆಯೇ ಹೆಚ್ಚು. ಎರೆ ಮಣ್ಣಿನಲ್ಲಿ ಹೊಸ ಪಾಯಕ್ಕೂ ಹಣ ಸುರಿಯಬೇಕು. ಎರಡನೆಯದು, ಹಳೆಯ ಗೋಡೆಗಳನ್ನು ಹೊದಿಕೆಯಂತೆ ಉಳಿಸಿಕೊಂಡು ಒಳಗೆ ಸ್ವತಂತ್ರವಾದ ಉಕ್ಕಿನ ಚೌಕಟ್ಟನ್ನು ನಿಲ್ಲಿಸುವುದು. ಮೇಲಂತಸ್ತಿನಲ್ಲೂ ಪುಸ್ತಕ ಇಡಲೇಬೇಕೆಂದರೆ ಇದೇ ದಾರಿ. ಹೊಸ ಪಾಯದ ಗುಂಡಿ ತೋಡುವಾಗ ಹಳೆಯ ಪಾಯದ ಬುಡ ಸಡಿಲವಾಗುವುದು ಇದರ ದೊಡ್ಡ ಅಪಾಯ, ಆದ್ದರಿಂದ ಗೋಡೆಯಿಂದ ದೂರ ಸರಿದು, ಮಳೆಗಾಲ ಬಿಟ್ಟು, ಒಂದೊಂದೇ ಗುಂಡಿ ತೋಡಬೇಕು. ಮೂರನೆಯದು ನಾನು ಹೇಳುತ್ತ ಬಂದದ್ದು: ದುರಸ್ತಿ ಮಾಡಿ, ಮೊದಲು ಶೆಡ್ಡನ್ನಷ್ಟೇ ತೆರೆದು, ಗೋದಾಮನ್ನು ಎರಡನೆಯ ಹಂತಕ್ಕೆ ಬಿಡುವುದು. ಇದರ ತೊಂದರೆಯೆಂದರೆ ಖರ್ಚು ಮೊದಲೇ ಖಚಿತವಾಗಿ ತಿಳಿಯುವುದಿಲ್ಲ. ಗಿಲಾವು ಕೆತ್ತಿದ ಮೇಲೆಯೇ ಗೋಡೆ ತನ್ನ ಗುಟ್ಟು ಹೇಳುತ್ತದೆ. ಹೊಸ ಕಟ್ಟಡಕ್ಕೆ ಅನಿರೀಕ್ಷಿತ ಖರ್ಚಿಗೆಂದು ಶೇ 5 ಎತ್ತಿಡುವವರು ಇಲ್ಲಿ ಶೇ 20ರಿಂದ 25 ಎತ್ತಿಡಬೇಕು. ಗುತ್ತಿಗೆಯನ್ನು ಒಟ್ಟು ಮೊತ್ತಕ್ಕೆ ಕೊಡದೆ, ಪ್ರತಿ ಕೆಲಸಕ್ಕೂ ದರ ನಿಗದಿ ಮಾಡಿ ಆದಷ್ಟಕ್ಕೆ ಹಣ ಕೊಡುವ ರೀತಿಯಲ್ಲಿ ಕೊಡಿ. ಸರ್ಕಾರದ ಹಣ ಬಂದರೆ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗಬೇಕಾದ್ದರಿಂದ ಇದನ್ನು ಟೆಂಡರ್ ಪತ್ರದಲ್ಲೇ ಬರೆಸಬೇಕು.

ಕಾಗದಪತ್ರದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮುಚ್ಚಿದ ಫ್ಯಾಕ್ಟರಿಗಳ ಮೇಲೆ ಬ್ಯಾಂಕಿನ ಅಡಮಾನ, ಕಾರ್ಮಿಕರ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಬಾಕಿ, ವಿದ್ಯುತ್ ಬಾಕಿ ಉಳಿದಿರುವುದುಂಟು. ಋಣಭಾರ ಪತ್ರ ತೆಗೆಸಿ, ಎಲ್ಲ ವಾರಸುದಾರರ ಸಹಿಯೊಂದಿಗೆ ದಾನಪತ್ರ ನೋಂದಣಿಯಾಗುವ ತನಕ, ಮಳೆಯಿಂದ ಕಾಪಾಡುವ ತಾತ್ಕಾಲಿಕ ಕೆಲಸ ಬಿಟ್ಟರೆ, ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕೈಗಾರಿಕೆಯ ಜಾಗ ಸಾರ್ವಜನಿಕ ಬಳಕೆಗೆ ಬರುವುದಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನಂತೆ ಭೂ ಬಳಕೆ ಬದಲಾವಣೆ ಬೇಕಾಗಬಹುದು. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ. ಅಗ್ನಿಶಾಮಕ ಇಲಾಖೆಯವರನ್ನು ನಕ್ಷೆಯ ಹಂತದಲ್ಲೇ ಕರೆಯಿರಿ. ಎರಡು ದಿಕ್ಕಿಗೂ ಹೊರಬಾಗಿಲು, ಹೊರಕ್ಕೆ ತೆರೆಯುವ ಕದ, ಗಾಲಿಕುರ್ಚಿಗೆ ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು, ಇವನ್ನೆಲ್ಲ ಆಮೇಲೆ ಸೇರಿಸಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ.

ಇದಕ್ಕಿಂತಲೂ ಮೊದಲು ತೀರ್ಮಾನವಾಗಬೇಕಾದದ್ದು ಗ್ರಂಥಾಲಯವನ್ನು ನಡೆಸುವವರು ಯಾರೆಂಬುದು. ನಾವು ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಅದು ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕಾದ ಹಣ. ಗ್ರಂಥಾಲಯ ಇಲಾಖೆಗೆ ಒಪ್ಪಿಸುವುದಾದರೆ ಗ್ರಂಥಪಾಲಕರ ಹುದ್ದೆ, ವಾರ್ಷಿಕ ದುರಸ್ತಿಯ ಹಣ ಇವೆರಡರ ಬಗ್ಗೆ ಲಿಖಿತ ಒಪ್ಪಿಗೆ ಪಡೆದು ದಾನಪತ್ರದಲ್ಲೇ ಷರತ್ತು ಬರೆಸಿ. ಟ್ರಸ್ಟ್ ಮಾಡಿ ನೀವೇ ನಡೆಸುವುದಾದರೆ, ಸಂಗ್ರಹಿಸಿದ ಹಣದಲ್ಲಿ ಒಂದು ಪಾಲನ್ನು ಕಟ್ಟಡಕ್ಕೆ ಮುಟ್ಟಿಸದೆ ಠೇವಣಿ ಇಟ್ಟು, ಅದರ ಬಡ್ಡಿಯಿಂದ ದೋಣಿ ಶುಚಿ ಮಾಡಿಸುವುದು, ಹೆಂಚು ಕೈಯಾಡಿಸುವುದು ನಡೆಯುವಂತೆ ನೋಡಿಕೊಳ್ಳಿ. ಈ ಎರಡು ಸಣ್ಣ ಕೆಲಸಗಳು ನಿಂತ ವರ್ಷದಿಂದಲೇ ಹಳೆಯ ಕಟ್ಟಡ ಸಾಯಲು ಶುರುವಾಗುತ್ತದೆ.

ಸದ್ಯಕ್ಕೆ, ಮುಂಗಾರಿಗೆ ಮುಂಚೆ ಮೂರು ಕೆಲಸ ಮಾಡಿಸಿ. ಜಾರಿದ ಹೆಂಚುಗಳನ್ನು ಕೂರಿಸಿ, ಒಡೆದ ಕಡೆ ಟಾರ್ಪಾಲ್ ಹೊದಿಸಿ, ಸಿಮೆಂಟ್ ಶೀಟಿನ ಭಾಗಕ್ಕೆ ಮಾತ್ರ ಯಾರನ್ನೂ ಹತ್ತಿಸಬೇಡಿ. ಹಳೆಯ ಶೀಟು ಕಾಲಡಿಯಲ್ಲೇ ಒಡೆದು ಜನ ಬಿದ್ದಿದ್ದಾರೆ. ದೋಣಿಗಳ ಕಸ ತೆಗೆಸಿ ನೀರು ಗೋಡೆಯಿಂದ ದೂರ ಹೋಗುವಂತೆ ತಾತ್ಕಾಲಿಕ ಕಾಲುವೆ ತೋಡಿಸಿ. ಬಿರುಕುಗಳಿಗೆ ಗಾಜಿನ ಪಟ್ಟಿ ಹಾಕಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಫೋಟೊ ತೆಗೆದು, ಅಳತೆಯ ಪುಸ್ತಕ ಶುರು ಮಾಡಿ. ದೀಪಾವಳಿಯ ಹೊತ್ತಿಗೆ ಆ ಪುಸ್ತಕದ ಪ್ರತಿಯನ್ನೂ ಟ್ರಸ್ ತುದಿಗಳ ಫೋಟೊಗಳನ್ನೂ ಕಳಿಸಿಕೊಡಿ. ಗೋದಾಮಿನ ಮೇಲಂತಸ್ತಿನಲ್ಲಿ ಎಷ್ಟು ಮಂದಿ ಕೂರಬಹುದು ಎಂಬುದನ್ನು ಆಗ ಲೆಕ್ಕ ಮಾಡಿ ಹೇಳುತ್ತೇನೆ.